ನಮ್ಮ ಮಾತಾಡುವ ಹುಡುಗಿ

ಚಿಕ್ಕಬೈರಪ್ಪನ ಫೋನು ಸಂಜೆ ಹೊತ್ತಿಗೆ ರಿಂಗಾಯಿತೆಂದರೆ ವಠಾರದ ಮಂದಿ ಕೈಲಿದ್ದ ಕೆಲಸ ಬಿಟ್ಟು ಅಂಗಳಕ್ಕೆ ಬಂದು ನಿಲ್ಲುತ್ತಿದ್ದರು. ಬಿಟ್ಟಿ ನಾಟಕ ಯಾರಿಗೆ ಬೇಡ ಹೇಳಿ! ದೊಡ್ಡನೆಕ್ಕುಂದಿಯಲ್ಲಿ ಅಪ್ಪ ರಾಗಿ ಬೆಳೆದಿದ್ದ ಹೊಲದಲ್ಲೇ ಎರಡು ಸಾಲು ಶೀಟಿನ ಮನೆ ಎಬ್ಬಿಸಿ ಬಾಡಿಗೆಗೆ ಬಿಟ್ಟುಕೊಂಡಿದ್ದ ಈ ಮನುಷ್ಯನಿಗೆ, ತಿಂಗಳಿಗೊಮ್ಮೆ ಬಾಡಿಗೆ ಎತ್ತುವುದು ಬಿಟ್ಟರೆ ಬೇರೆ ಕೆಲಸವಿರಲಿಲ್ಲ. ಹಾಗಾಗಿ ಫೋನಿನಲ್ಲಿ ಟೋಪಿ ಹಾಕಲು ಬರುವವರನ್ನು ಗೋಳು ಹೊಯ್ದುಕೊಳ್ಳುವುದನ್ನೇ ಕಸುಬು ಮಾಡಿಕೊಂಡಿದ್ದ.

"ಸರ್, ನಿಮ್ಮ ನಂಬರಿಗೆ ಕಾರು ಬಹುಮಾನ ಬಂದಿದೆ" ಎಂದು ಆ ಕಡೆಯಿಂದ ಶುರುವಾದರೆ ಇವನು ಸ್ಪೀಕರ್ ಹಾಕಿ ಮೆಟ್ಟಿಲ ಮೇಲೆ ಕಾಲು ಚಾಚಿಕೊಂಡು ಕೂರುತ್ತಿದ್ದ. "ಕಾರಾ? ನಮ್ಮನೆ ಗೇಟು ಚಿಕ್ಕದು ಕಣಪ್ಪ, ಒಳಕ್ಕೆ ಬರಕ್ಕಿಲ್ಲ. ಅದರ ಬದ್ಲು ಒಂದು ಎಮ್ಮೆ ಕೊಟ್ಬಿಡು, ಕರಾವಿಂದು." ಇನ್ನೊಬ್ಬ ಓಟಿಪಿ ಕೇಳಿದರೆ, "ಬರ್ಕೋ. ಒಂದು... ಒಂದಾದ್ಮೇಲೆ ಏನಪ್ಪ ಬರಾದು? ನಾನು ಇಸ್ಕೂಲು ಬಿಟ್ಟು ಬಾಳ ದಿವ್ಸ ಆಯ್ತು" ಎನ್ನುತ್ತಿದ್ದ. ಆ ಕಡೆಯವನು ರೇಗಿ ಬೈದು ಫೋನಿಡುವವರೆಗೂ ಬಿಡುತ್ತಿರಲಿಲ್ಲ. ವಠಾರ ಹೊಟ್ಟೆ ಹಿಡಿದುಕೊಂಡು ನಗುತ್ತಿತ್ತು.

ನಗು ನಿಂತ ಮೇಲೆ ಪಾಠ. "ಕಳ್ರನ್ನ ಕಂಡಿಡಿಯಾದು ಬಲೇ ಸುಲಭ ಕಣ್ರಪ್ಪ. ಇಂದೀಲಿ ಶುರು ಮಾಡಿದ್ನಾ, ಕಟ್ ಮಾಡಿ. 'ಮಾನ್ಯ ಗ್ರಾಹಕರೇ' ಅಂತ ಪುಸ್ತಕದ ಕನ್ನಡ ಬಿಟ್ನಾ, ಅವ್ನೂ ಕಳ್ಳನೇ. ನಮ್ಮ ಮಾತಾಡೋರು ಮಾತ್ರ ನಮ್ಗೆ ಮೋಸ ಮಾಡಕ್ಕಿಲ್ಲ." ಕೇಳಿದವರೆಲ್ಲ ಹೌದೌದೆಂದು ತಲೆಯಾಡಿಸುತ್ತಿದ್ದರು. ಬಾಡಿಗೆಗಿರುವವರು ಓನರ್ ಮಾತಿಗೆ ತಲೆಯಾಡಿಸದೆ ಇನ್ನೇನು ಮಾಡುತ್ತಾರೆ?

ಆದರೆ ಒಬ್ಬಳು ಮಾತ್ರ ಅದನ್ನು ಮನಸ್ಸಿಟ್ಟು ಕೇಳಿಸಿಕೊಳ್ಳುತ್ತಿದ್ದಳು. ಸುಮಂಗಲಾ. ಬಾದಾಮಿ ಕಡೆಯವಳು, ಗಾರ್ಮೆಂಟ್ಸ್ ಫ್ಯಾಕ್ಟರಿಯಲ್ಲಿ ಕೆಲಸ. ಗಂಡ ಸೋಮಪ್ಪ ಸೆಂಟ್ರಿಂಗ್ ಕೆಲಸದವನು. ವೈಟ್‌ಫೀಲ್ಡಿನಲ್ಲಿ ಏಳುತ್ತಿದ್ದ ಒಂದು ಅಪಾರ್ಟ್‌ಮೆಂಟಿನ ಮೇಲಿಂದ ಬಿದ್ದು ಕಾಲು ಮುರಿದುಕೊಂಡು ಮನೆ ಸೇರಿದ್ದ. ಕಾಂಟ್ರಾಕ್ಟರು ಮೊದಲನೇ ಆಪರೇಷನ್ನಿನ ಖರ್ಚು ಕೊಟ್ಟವನು ಆಮೇಲೆ ಫೋನೇ ಎತ್ತಲಿಲ್ಲ. ಕಾಲೊಳಗೆ ಹಾಕಿದ್ದ ಪ್ಲೇಟು ಸಡಿಲಾಗಿ ಕೀವು ಕಟ್ಟಿತ್ತು. ಬೇಗ ಮತ್ತೊಂದು ಆಪರೇಷನ್ ಮಾಡಿಸದಿದ್ದರೆ ಕಾಲು ಉಳಿಯುವುದು ಕಷ್ಟ ಎಂದು ಡಾಕ್ಟರು ಹೇಳಿಬಿಟ್ಟಿದ್ದರು. ಸರ್ಕಾರಿ ಆಸ್ಪತ್ರೆಯಲ್ಲಿ ಸರದಿ ಬರುವುದು ಯಾವ ಕಾಲಕ್ಕೋ. ಸುಮಂಗಲಾ ಓಟಿ ಮೇಲೆ ಓಟಿ ಮಾಡಿ ಪ್ರೈವೇಟ್ ಆಸ್ಪತ್ರೆಗೆ ಕಟ್ಟುವ ಅಡ್ವಾನ್ಸಿಗೆಂದು ಪುಡಿಗಾಸು ಕೂಡಿಹಾಕುತ್ತಿದ್ದಳು.

ಇಷ್ಟರಲ್ಲಿ ಒಂದು ದಿನ ಬೆಳಗ್ಗೆ ಚಿಕ್ಕಬೈರಪ್ಪನಿಗೆ ಬೇರೆ ಥರದ ಫೋನು ಬಂತು.

"ಗೌಡ್ರಾ? ಮುದ್ದೆ ಉಂಡ್ರಾ ಗೌಡ್ರೇ?"

ಮುದ್ದೆ ಉಂಡ್ರಾ! ಹಾಗೆಂದು ಯಾರಾದರೂ ಕೇಳಿ ಎಷ್ಟು ಕಾಲವಾಗಿತ್ತು? ಬಾಗಿಲು ತೆರೆದರೆ ಒಂದು ಕಡೆ ಹಿಂದಿ, ಇನ್ನೊಂದು ಕಡೆ ತೆಲುಗು. ಅಂಗಡಿಯವನು ಮಲಯಾಳಿ. ಬಾಡಿಗೆಯವರದು ಅವರೂರಿನ ಕನ್ನಡ. ಮಗಳು ಕೃಪಾಳ ಮಕ್ಕಳು ಬಂದರೆ 'ತಾತಾ, ವಾಟ್ ಈಸ್ ವಸಿ?' ಎಂದು ಕೇಳಿ ನಗುತ್ತಿದ್ದವು. ಹುಟ್ಟಿದ ಊರಲ್ಲೇ ತನ್ನ ಮಾತು ತನಗೊಬ್ಬನಿಗೇ ಉಳಿದುಹೋದ ಹಾಗಾಗಿತ್ತು. ಅದನ್ನು ಯಾರ ಹತ್ತಿರವೂ ಹೇಳಿಕೊಂಡವನಲ್ಲ. ಹೇಳಿಕೊಂಡರೆ ಏನು ಗೌರವ?

"ನಾನು ವನಜಾ ಅಂತ ಗೌಡ್ರೇ. ವರ್ತೂರು ಕಡೆಯೋಳು. ಎಲ್ತ್ ಕಾರ್ಡ್ ಕಂಪ್ನೀಲಿ ಕೆಲ್ಸ. ನಿಮ್ ಎಸ್ರು ನೋಡಿ, ಓ ನಮ್ ಕಡೆಯೋರು ಅಂತ ಆಸೆಯಾಗಿ ಫೋನ್ ಮಾಡ್ದೆ. ನಿಮ್ಗೆ ಬೇಡಾಂದ್ರೆ ಮಡಗ್ಬಿಡ್ತೀನಿ, ಬೇಜಾರಿಲ್ಲ."

ಬೇಡವೆಂದರೆ ಇಡುತ್ತೇನೆ ಎಂದ ಮೇಲೆ ಇಡಗೊಡುತ್ತಾನೆಯೇ? ಸ್ಪೀಕರ್ ಹಾಕುವ ನೆನಪೂ ಆಗಲಿಲ್ಲ. ಅವಳು ಅವರೆಕಾಯಿ ಕಾಲದ ಬಗ್ಗೆ ಕೇಳಿದಳು, ಕೆರೆ ಹಾಳಾಗಿದ್ದಕ್ಕೆ ಲೊಚಗುಟ್ಟಿದಳು, ಅವನ ಮಂಡಿನೋವಿನ ಕಥೆಯನ್ನು ಮೊದಲಿಂದ ಕೊನೆಯವರೆಗೆ ಕೇಳಿಸಿಕೊಂಡಳು. ಹೆಂಡತಿ ಅಂಜಿನಮ್ಮನೂ ಆ ಕಥೆಯನ್ನು ಅಷ್ಟು ಸಮಾಧಾನವಾಗಿ ಕೇಳಿರಲಿಲ್ಲ. ಮೂರನೇ ದಿನದ ಫೋನಿಗೆ ಚಿಕ್ಕಬೈರಪ್ಪ ಹದಿನೈದು ಸಾವಿರ ಕಳಿಸಿದ. ಕೊರಿಯರಿನಲ್ಲಿ ಬಂಗಾರದ ಬಣ್ಣದ ಕಾರ್ಡು ಬಂತು, ಮೇಲೆ ಅವನ ಹೆಸರು. ಯಾವ ಆಸ್ಪತ್ರೆಗೆ ಹೋದರೂ ಆಪರೇಷನ್ ಸಮೇತ ಬಿಲ್ಲೇ ಇಲ್ಲವಂತೆ.

"ನಿಮ್ ವಠಾರದಾಗೆ ಕಾಯ್ಲೆ ಕಸಾಲೆ ಇರೋರು ಯಾರಾರ ಇದ್ರೆ ಏಳಿ ಗೌಡ್ರೇ. ಪಾಪ, ಬಡವ್ರಿಗೆ ಅನ್ಕೂಲ ಆಗ್ಲಿ" ಎಂದಳು ವನಜಾ. ಇವನು ಸುಮಂಗಲಾಳ ನಂಬರು ಕೊಟ್ಟ. ಒಳ್ಳೆಯ ಮನಸ್ಸಿನಿಂದಲೇ ಕೊಟ್ಟ, ಅಷ್ಟನ್ನು ಒಪ್ಪಿಕೊಳ್ಳೋಣ.

ಮುಂದಿನ ವಾರ ಮಂಡಿ ತೋರಿಸಲು ಮಾರತ್ತಹಳ್ಳಿಯ ಒಂದು ಆಸ್ಪತ್ರೆಗೆ ಹೋದ. ಇಸ್ತ್ರಿ ಪಂಚೆ, ಜೇಬಿನಲ್ಲಿ ಕಾರ್ಡು. ಕೌಂಟರಿನ ಹುಡುಗಿ ಕಾರ್ಡನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, ಪಕ್ಕದವಳಿಗೆ ತೋರಿಸಿ, ತುಟಿ ಕಚ್ಚಿ ನಗು ತಡೆದುಕೊಂಡಳು.

"ಅಂಕಲ್, ಇದು ಯಾವ ಕಾರ್ಡೂ ಅಲ್ಲ. ಫೇಕ್. ಇದನ್ನ ಇಟ್ಕೊಂಡು ದಿನಾ ಯಾರಾದ್ರೂ ಬರ್ತಾನೇ ಇರ್ತಾರೆ. ನಿಮಗೆ ಫೋನ್ ಮಾಡಿ ಮಾರಿದ್ರಾ?"

"ನಂದಲ್ಲ ಕಣಮ್ಮ" ಎಂದ ಚಿಕ್ಕಬೈರಪ್ಪ. "ಪಕ್ಕದ ಮನೆಯೋರ್ದು. ವಿಚಾರಿಸ್ಕೊಂಡ್ ಬಾ ಅಂದ್ರು."

"ಇದರ ಮೇಲೆ ನಿಮ್ಮ ಹೆಸರೇ ಇದ್ಯಲ್ಲ ಅಂಕಲ್? ಈಗ ರಿಜಿಸ್ಟರ್‌ನಲ್ಲಿ ಬರೆಸಿದ್ರಲ್ಲ."

ಕಾರ್ಡು ಕಿತ್ತುಕೊಂಡು ಹೊರಟುಬಂದ. ಮಂಡಿ ತೋರಿಸಲಿಲ್ಲ. ಹೊರಗೆ ಫ್ಲೈಓವರಿನ ಕೆಳಗೆ ಬಸ್ಸುಗಳ ಗದ್ದಲದ ನಡುವೆ ನಿಂತು ವನಜಾಳಿಗೆ ಫೋನು ಹಚ್ಚಿದ. ಎತ್ತುವುದಿಲ್ಲ ಎಂದುಕೊಂಡಿದ್ದ. ಎತ್ತಿದಳು. ಇವನು ಬಾಯಿಗೆ ಬಂದ ಹಾಗೆ ಬೈದ. ಅವಳು ಎಲ್ಲವನ್ನೂ ಬೈಸಿಕೊಂಡು, ಮೆತ್ತಗೆ ಅಂದಳು:

"ಆಯ್ತು ಗೌಡ್ರೇ. ಪೊಲೀಸ್ರಿಗೆ ಏಳ್ತೀರಾ? ಏಳಿ. ಊರಿಗೆಲ್ಲ ಏಳ್ಕೊಳಿ. ಎಲ್ರಿಗೂ ಬುದ್ಧಿ ಏಳೋ ಗೌಡ್ರೇ ಇಂಗಾದ್ರಂತೆ ಅಂತ ಜನ ನಗಾಡ್ತಾರೆ, ಅಷ್ಟೇಯಾ. ನಾನೂ ಈ ಕಡೆ ಊರ್ನಾಗೇ ಉಟ್ಟೋಳು ಅಲ್ವಾ, ನಂಗೆ ಗೊತ್ತು ನಮ್ಮೋರು ಎಂಗೆ ನಗ್ತಾರೆ ಅಂತ."

ಫೋನಿಟ್ಟಳು. ಅವಳ ಮಾತು ನಾಟಕದ ಮಾತಲ್ಲ, ಕಲಿತು ಆಡಿದ ಮಾತೂ ಅಲ್ಲ ಎಂಬುದು ಅವನಿಗೆ ಆಗ ಖಾತ್ರಿಯಾಯಿತು. ಅಪ್ಪಟ ತನ್ನ ಕಡೆಯವಳೇ. ಎಲ್ಲಿ ಚುಚ್ಚಿದರೆ ಗೌಡ ಬಾಯಿ ಮುಚ್ಚುತ್ತಾನೆಂದು ಬೇರೆಯವರಿಗೆ ಹೇಗೆ ತಾನೇ ಗೊತ್ತಾಗಬೇಕು? ದುಡ್ಡು ಹೋದದ್ದಕ್ಕಿಂತ ಅದೇ ಅವನಿಗೆ ಹೆಚ್ಚು ಉರಿಯಿತು.

ಮನೆಗೆ ಬಂದವನು ಹೆಂಡತಿಯ ಮುಂದೆ ಎಲ್ಲವನ್ನೂ ಕಾರಿಕೊಂಡ. ಅಂಜಿನಮ್ಮ ಸೊಪ್ಪು ಬಿಡಿಸುತ್ತಿದ್ದವಳು ಕೈ ನಿಲ್ಲಿಸಿದಳು.

"ಓದ್ರೆ ಓಯ್ತು ಬಿಡು. ಆ ಸುಮಂಗಲನ ನಂಬರ್ ಕೊಟ್ಟಿದ್ದೆ ಅಂದ್ಯಲ್ಲ? ಈಗ್ಲೇ ಓಗಿ ಏಳ್ಬಿಡು. ಇಲ್ಲಾಂದ್ರೆ ನಾನೇ ಏಳ್ತೀನಿ."

"ನೀನ್ ಸುಮ್ಕಿರು. ನಾನೇ ಏಳ್ತೀನಿ. ಎಂಗೆ ಏಳ್ಬೇಕೋ ಅಂಗೆ ಏಳ್ತೀನಿ."

ಹೇಳುವ ಮನಸ್ಸೇನೋ ಇತ್ತು. ಆದರೆ ಅವನು ಹುಡುಕುತ್ತಿದ್ದದ್ದು ತನಗೂ ಮೋಸವಾಯಿತು ಎನ್ನದೆಯೇ ಮೋಸವೆಂದು ಹೇಳುವ ದಾರಿಯನ್ನು. ಪೇಪರಿನಲ್ಲಿ ಬಂದಿತ್ತು ಅನ್ನಲೇ? ಗೆಳೆಯನೊಬ್ಬ ಹೇಳಿದ ಅನ್ನಲೇ? ಒಂದು ದಿನ ಹೋಯಿತು. ಅಂಜಿನಮ್ಮ "ಏಳ್ದಾ?" ಎಂದಳು. "ಊಂ, ಏಳ್ದೆ" ಎಂದುಬಿಟ್ಟ. ನಾಳೆ ಹೇಗೂ ಹೇಳುತ್ತೇನಲ್ಲ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡ. ಅಂಜಿನಮ್ಮ ಆ ಮಾತು ನಂಬಿಕೊಂಡು ಕಾಡುಗೋಡಿಯ ತಂಗಿ ಮನೆಗೆ ಹೋದಳು.

ಅವಳು ಹೋದ ದಿನವೇ ಸಂಜೆ ಸುಮಂಗಲಾ ಅಂಗಳಕ್ಕೆ ಬಂದಳು. ಫ್ಯಾಕ್ಟರಿಯಿಂದ ಬಂದು ಮುಖವನ್ನೂ ತೊಳೆದಿರಲಿಲ್ಲ. ನಲ್ಲಿಯ ಹತ್ತಿರ ಏಳೆಂಟು ಜನ ಕೊಡ ಇಟ್ಟುಕೊಂಡು ನಿಂತಿದ್ದರು. ಮೆಟ್ಟಿಲ ಮೇಲೆ ಕೂತಿದ್ದ ಚಿಕ್ಕಬೈರಪ್ಪನ ಎದುರಿಗೆ ನಿಂತು ಕೇಳಿದಳು:

"ಗೌಡ್ರ, ಈ ಹೆಲ್ತ್ ಕಾರ್ಡ್ ಖರೇ ಏನ್ರಿ? ವನಜಾ ಅನ್ನಾಕಿ ದಿನಾ ಫೋನ್ ಮಾಡಾಕ ಹತ್ಯಾಳ. ನಿಮ್ಮ ಗೌಡ್ರೂ ತಗೊಂಡಾರ, ಅವರನ್ನ ಕೇಳಿ ನೋಡ್ರಿ ಅಂದ್ಲು. ಇವರ ಕಾಲಿನ ಆಪರೇಷನ್ ಆಕ್ಕೈತಿ ಅಂದ್ರ ಕೂಡಿಟ್ಟ ರೊಕ್ಕ ಹಾಕಿಬಿಡ್ತೀನ್ರಿ. ನೀವು ಒಂದ್ ಮಾತು ಹೇಳ್ರಿ, ಸಾಕು."

ಅವನು ಬಾಯಿ ತೆರೆಯುವ ಮೊದಲೇ ನಲ್ಲಿಯ ಹತ್ತಿರದಿಂದ ಈಶಪ್ಪ ಕೂಗಿದ. ಈಶಪ್ಪನೂ ಬಾಡಿಗೆಯವನೇ, ಪಕ್ಕದ ಸಾಲಿನವನು. "ಗೌಡ್ರಿಗೆ ಮೋಸ ಮಾಡಾಂವ ಇನ್ನಾ ಹುಟ್ಟಬೇಕ್ ತಂಗಿ! ಅವರು ತಗೊಂಡಾರ ಅಂದಮ್ಯಾಲ ಕೇಳೂದೇನೈತಿ?" ಎಲ್ಲರೂ ನಕ್ಕರು. ಪ್ರೀತಿಯ ನಗುವೇ ಅದು. ಎಲ್ಲರ ಕಣ್ಣೂ ಮೆಟ್ಟಿಲ ಕಡೆಗೆ ತಿರುಗಿತು.

ಒಂದೇ ಒಂದು ಮಾತು ಸಾಕಿತ್ತು. ಬೇಡಮ್ಮ, ನಾನೂ ಮೋಸ ಹೋದೆ. ಅಷ್ಟು ಹೇಳಿದ್ದರೆ ಏನಾಗುತ್ತಿತ್ತು? ನಾಲ್ಕು ದಿನ ನಗುತ್ತಿದ್ದರು, ಐದನೇ ದಿನ ಬೇರೆ ಯಾರನ್ನಾದರೂ ಹಿಡಿದುಕೊಳ್ಳುತ್ತಿದ್ದರು. ಸೋಮಪ್ಪ ಕೋಣೆಯ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು, ಬ್ಯಾಂಡೇಜಿನ ಕಾಲನ್ನು ಸ್ಟೂಲಿನ ಮೇಲಿಟ್ಟು ಇವನ ಬಾಯನ್ನೇ ನೋಡುತ್ತಿದ್ದ. ಅವನ ಕಾಲೂ ಕಾಣುತ್ತಿತ್ತು, ಈಶಪ್ಪನ ನಗುವೂ ಕಾಣುತ್ತಿತ್ತು. ಈ ದರಿದ್ರ ಮನುಷ್ಯನಿಗೆ ನಗುವೇ ದೊಡ್ಡದಾಗಿ ಕಂಡಿತು.

"ಊಂ ಕಣಮ್ಮ" ಎಂದ. "ತಗೊಂಡಿದೀನಿ. ಚೆನ್ನಾಗೈತೆ."

ಸುಮಂಗಲಾ ಎರಡೂ ಕೈ ಜೋಡಿಸಿದಳು. ಅಲ್ಲೇ ನಿಂತು ಫೋನು ತೆಗೆದು ದುಡ್ಡು ಕಳಿಸಿದಳು. ಬೆರಳು ಒತ್ತುವ ಮುಂಚೆ ಒಮ್ಮೆ ತಲೆಯೆತ್ತಿ ಇವನನ್ನು ನೋಡಿದಳು. ಆಗಲಾದರೂ ತಡೆಯಬಹುದಿತ್ತು. ಚಿಕ್ಕಬೈರಪ್ಪ ಚಪ್ಪಲಿ ಹುಡುಕುವವನ ಹಾಗೆ ಬಗ್ಗಿದ.

ಆಮೇಲೆ ಆದದ್ದು ಯಾರಾದರೂ ಊಹಿಸಬಹುದು. ಕಾರ್ಡು ಬಂತು. ಈಶಪ್ಪನೂ ಇನ್ನೊಬ್ಬರೂ ಸೋಮಪ್ಪನನ್ನು ಎತ್ತಿ ಆಟೋಗೆ ಹಾಕಿದರು. ಆಸ್ಪತ್ರೆಯವರು ಕಾರ್ಡು ನೋಡಿದರು, ತಲೆಯಾಡಿಸಿದರು, ಅಡ್ವಾನ್ಸು ಕಟ್ಟಿ ಎಂದರು. ಕಟ್ಟಲು ಎಲ್ಲಿತ್ತು? ಬೆಳಗ್ಗೆ ಹೋದ ಆಟೋ ಮಧ್ಯಾಹ್ನಕ್ಕೆ ಹಾಗೆಯೇ ವಾಪಸು ಬಂತು. ಸೋಮಪ್ಪ ಗೋಡೆಗೆ ಮುಖ ಮಾಡಿ ಮಲಗಿದ. ಸುಮಂಗಲಾ ಹೊಸ್ತಿಲಲ್ಲಿ ಕೂತು ಗಟ್ಟಿಯಾಗಿ ಅತ್ತಳು. ಅವಳು ಹಾಗೆ ಅತ್ತಿದ್ದನ್ನು ವಠಾರದವರು ಕಂಡಿರಲಿಲ್ಲ. ಗಂಡ ಬಿದ್ದ ದಿನವೂ ಅವಳು ಅತ್ತಿರಲಿಲ್ಲ.

ತಂಗಿ ಮನೆಯಿಂದ ಹಿಂದಿನ ದಿನವಷ್ಟೇ ವಾಪಸು ಬಂದಿದ್ದ ಅಂಜಿನಮ್ಮ ಅಳು ಕೇಳಿ ಹೊರಗೆ ಬಂದಳು, ವಿಷಯ ಕೇಳಿದಳು, ಒಳಗೆ ಹೋದಳು. ಗಂಡ ಟೀವಿಯ ಮುಂದೆ ಕೂತಿದ್ದ.

"ಏಳ್ದೆ ಅಂದ್ಯಲ್ಲ?"

ಅವನು ಟೀವಿಯಿಂದ ಕಣ್ಣು ತೆಗೆಯಲಿಲ್ಲ.

"ಏಳ್ದೆ ಅಂದ್ಯಲ್ಲೋ ನನ್ ಕುಟೆ? ಆ ಉಡ್ಗಿ ರಕ್ತ ಬಸ್ದು ಕೂಡಿಟ್ಟಿದ್ ದುಡ್ಡು ಕಣೋ ಅದು. ನಿನ್ ಬಾಯಿಗೆ ಏನ್ ಬಂದಿತ್ತು?"

ಮದುವೆಯಾದಾಗಿನಿಂದ ಅವನನ್ನು ಹಾಗೆ ಮಾತಾಡಿಸಿದವಳಲ್ಲ. ಆ ರಾತ್ರಿ ಅನ್ನ ಬಡಿಸಿಟ್ಟು, ಅವನು ಕೂರುವ ಮೊದಲೇ ಎದ್ದು ಹೊರಗೆ ಹೋದಳು. ಎಲ್ಲಿಗೆ ಹೋದಳೆಂದು ಅವನು ಕೇಳಲಿಲ್ಲ.

ಬೆಳಗ್ಗೆ ಗೇಟಿನ ಹತ್ತಿರ ಸುಮಂಗಲಾ ನಿಂತಿದ್ದಳು. ತಲೆ ಬಾಚಿ, ಒಳ್ಳೆಯ ಸೀರೆ ಉಟ್ಟಿದ್ದಳು. ಕಣ್ಣು ಊದಿತ್ತು, ದನಿ ಮಾತ್ರ ಸಮವಾಗಿತ್ತು.

"ಗೌಡ್ರ, ಸ್ಟೇಷನ್ನಿಗೆ ಬರ್ರಿ. ಕಂಪ್ಲೇಂಟ್ ಕೊಡೂಣು. ನಾ ಒಬ್ಬಾಕಿನ ಹೋದ್ರ ಯಾರ ಕೇಳ್ತಾರ? ನಿಮಗೂ ಮೋಸ ಆಗೈತಲ್ರಿ."

ಚಿಕ್ಕಬೈರಪ್ಪನ ಎದೆಯ ಮೇಲಿದ್ದ ಕಲ್ಲು ಅರ್ಧ ಇಳಿಯಿತು. ಇವಳಿಗೆ ಗೊತ್ತಿಲ್ಲ, ಹಾಗಾದರೆ. ಇಬ್ಬರಿಗೂ ಒಟ್ಟಿಗೇ ಮೋಸವಾಯಿತು ಎಂದುಕೊಂಡಿದ್ದಾಳೆ. ಹಾಗೇ ಇರಲಿ, ಅದೇ ಒಳ್ಳೆಯದು. ಗಾಡಿ ತೆಗೆದು ಅವಳನ್ನು ಹಿಂದೆ ಕೂರಿಸಿಕೊಂಡು ಹೋದ.

ಸ್ಟೇಷನ್ನಿನಲ್ಲಿ ಪಂಚಾಕ್ಷರಿ ಎಂಬ ಹೆಡ್ ಕಾನ್‌ಸ್ಟೇಬಲ್ ಇಬ್ಬರನ್ನೂ ಕೂರಿಸಿ ಚೆನ್ನಾಗಿಯೇ ವಿಚಾರಿಸಿದರು. ಫೋನ್ ನಂಬರು, ದುಡ್ಡು ಹೋದ ಅಕೌಂಟು, ಎಲ್ಲವನ್ನೂ ಕಂಪ್ಯೂಟರಿಗೆ ಹಾಕಿದರು.

"ಮೋಸ ಅಂತ ಗೊತ್ತಾದ ತಕ್ಷಣ 1930ಕ್ಕೆ ಫೋನ್ ಮಾಡ್ಬೇಕು ಕಣಮ್ಮ. ಬೇಗ ಆದ್ರೆ ದುಡ್ಡನ್ನ ದಾರೀಲೇ ತಡೆಯೋಕೆ ಆಗುತ್ತೆ. ಈಗ ಲೇಟಾಗಿದೆ, ಆದ್ರೂ ನೋಡೋಣ." ಚಿಕ್ಕಬೈರಪ್ಪನ ಕಡೆಗೆ ತಿರುಗಿದರು. "ನಿಮ್ದು ಮೊದ್ಲು ಹೋಗಿದೆ. ನಿಮಗೆ ಇದು ಮೋಸ ಅಂತ ಯಾವಾಗ ಗೊತ್ತಾಯ್ತು ಗೌಡ್ರೇ?"

ಸುಮಂಗಲಾ ಪಕ್ಕದ ಕುರ್ಚಿಯಲ್ಲಿ ಕೂತಿದ್ದಳು. ತಲೆಯೆತ್ತಿ ಅವನನ್ನೇ ನೋಡಿದಳು.

"ನಿನ್ನೇನೇ ಸಾರ್" ಎಂದ ಚಿಕ್ಕಬೈರಪ್ಪ. "ಇವ್ರು ಆಸ್ಪತ್ರೆಯಿಂದ ವಾಪಸ್ ಬಂದ್ರಲ್ಲ, ಆವಾಗ್ಲೇ ನಂಗೂ ಗೊತ್ತಾಗಿದ್ದು."

ಪಂಚಾಕ್ಷರಿ ಅದನ್ನು ಬರೆದುಕೊಂಡರು. ಸುಮಂಗಲಾ ಸಹಿ ಹಾಕು ಎಂದ ಕಡೆ ಸಹಿ ಹಾಕಿದಳು.

ಹೊರಗೆ ಬಂದ ಮೇಲೆ ಅವನು ಗಾಡಿ ಸ್ಟ್ಯಾಂಡು ತೆಗೆದ. "ಕೂತ್ಕೋ ಬಾಮ್ಮ, ಬಿಸ್ಲು ಜಾಸ್ತಿ ಆಯ್ತು."

ಅವಳು ಕೂರಲಿಲ್ಲ.

"ಅಮ್ಮಾರು ನಿನ್ನೆ ರಾತ್ರೀನ ನಮ್ಮ ಮನಿಗೆ ಬಂದು ಎಲ್ಲಾ ಹೇಳ್ಯಾರ್ರಿ ಗೌಡ್ರ. ನೀವು ಮಾರತ್ತಹಳ್ಳಿ ದವಾಖಾನಿಗೆ ಹೋಗಿದ್ದು, ಅಲ್ಲಿ ಅವರು ಸುಳ್ಳು ಕಾರ್ಡ್ ಅಂದಿದ್ದು. ಎಲ್ಲಾ."

"ಮತ್ತೆ... ನನ್ನ ಯಾಕಮ್ಮ ಇಲ್ಲಿಗೆ ಕರ್ಕೊಂಡ್ ಬಂದೆ?"

"ಪೊಲೀಸ್ರ ಮುಂದಾದ್ರೂ ಖರೇ ಹೇಳ್ತೀರೇನೋ ಅಂತ ಆಸಿ ಇತ್ರಿ. ಹೇಳಿದ್ರ, ಹೋಗ್ಲಿ ಬಿಡು, ಮನಷ್ಯಾ ಒಮ್ಮೆ ತಪ್ಪಿದ ಅಂತ ಸುಮ್ನಾಗ್ತಿದ್ದೆ." ಸೆರಗಿನಿಂದ ಮುಖ ಒರೆಸಿಕೊಂಡಳು. "ಆ ಫೋನಿನಾಕಿನ ನಾ ಕಣ್ಣಿಲೆ ನೋಡಿಲ್ಲ. ಆಕಿ ನಮ್ಮಾಕಿ ಅಲ್ಲ, ಆಕಿ ಮಾತು ನಮ್ಮ ಮಾತಲ್ಲ. ನಾ ರೊಕ್ಕ ಹಾಕಿದ್ದು ನಿಮ್ಮ ಮುಖ ನೋಡಿ."

ರಸ್ತೆಯಲ್ಲಿ ಕಂಪನಿ ಕ್ಯಾಬುಗಳು ಒಂದರ ಹಿಂದೊಂದು ಹಾರನ್ ಹೊಡೆಯುತ್ತ ನಿಂತಿದ್ದವು. ಚಿಕ್ಕಬೈರಪ್ಪ ಅತ್ತಿತ್ತ ನೋಡಿ, ಗುರುತಿನವರು ಯಾರೂ ಇಲ್ಲವೆಂದು ಖಾತ್ರಿ ಮಾಡಿಕೊಂಡು, ದನಿ ತಗ್ಗಿಸಿದ.

"ತಪ್ಪಾಯ್ತು ಕಣಮ್ಮ. ಸೋಮಪ್ಪನ ಕಾಲಿಂದು ಎಷ್ಟಾಯ್ತದೋ ಅಷ್ಟೂ ನಾನೇ ಕೊಡ್ತೀನಿ. ಇವತ್ತೇ ಕಟ್ಟಾಣ, ನಡಿ." ಇಷ್ಟಕ್ಕೇ ನಿಲ್ಲಿಸಿದ್ದರೆ ಅವನನ್ನು ಮನುಷ್ಯ ಎನ್ನಬಹುದಿತ್ತು. ನಿಲ್ಲಿಸಲಿಲ್ಲ. "ಆದ್ರೆ ಒಂದ್ ಮಾತು. ವಠಾರದಾಗೆ ಯಾರ ಕುಟೇನೂ ಇದ್ನ ಏಳ್ಬಾರ್ದು. ಈಶಪ್ಪನ ಕುಟೆ ಅಂತೂ ಬಾಯೇ ಬಿಡ್ಬಾರ್ದು. ನಂಗೆ ಮಾತು ಕೊಡು ಮೊದ್ಲು."

ಸುಮಂಗಲಾ ಅವನ ಮುಖವನ್ನು ನೋಡುತ್ತ ನಿಂತಳು. ಉಗಿಯಬೇಕೆನಿಸಿತ್ತೋ ಏನೋ. ನಿಮ್ಮ ದುಡ್ಡು ನೀವೇ ಇಟ್ಕೊಳ್ರಿ ಎಂದು ತಿರುಗಿ ನಡೆದಿದ್ದರೆ ನೋಡುವವರಿಗೆ ಚೆನ್ನಾಗಿರುತ್ತಿತ್ತು. ಆದರೆ ಮನೆಯಲ್ಲಿ ಕಾಲು ಕೀವಾಗುತ್ತಿತ್ತು. ಸ್ವಾಭಿಮಾನ ಇಟ್ಟುಕೊಂಡು ಅವಳು ಗಂಡನಿಗೆ ಏನು ಕೊಡಬೇಕಿತ್ತು?

"ಆತ್ರಿ. ಹೇಳೂದಿಲ್ಲ" ಎಂದಳು. "ಆ ಫೋನಿನಾಕಿ ಬರೇ ರೊಕ್ಕ ತಗೊಂಡ್ಲು ಗೌಡ್ರ. ನೀವು ನನ್ನ ಬಾಯಿಗೆ ಬೀಗಾನೂ ಹಾಕಿದ್ರಿ. ದವಾಖಾನಿ ಹಂತ್ಯಾಕ ಬರ್ರಿ, ನಾ ಬಸ್ಸಿಗೆ ಬರ್ತೀನಿ."

ಅವಳು ರಸ್ತೆ ದಾಟಿ ಬಸ್‌ಸ್ಟಾಪಿನ ಕಡೆಗೆ ನಡೆದಳು. ಚಿಕ್ಕಬೈರಪ್ಪ ಬಿಸಿಲಲ್ಲಿ ಗಾಡಿ ಹಿಡಿದುಕೊಂಡು ನಿಂತೇ ಇದ್ದ. ನಾಚಿಕೆಯಾಗಬೇಕಿತ್ತು. ಆಗಲಿಲ್ಲವೆಂದಲ್ಲ, ಆಯಿತು. ಆದರೆ ಅದಕ್ಕಿಂತ ಮೊದಲು ಬಂದದ್ದು ಸಮಾಧಾನ, ಥೂ! ಅವಳು ಯಾರಿಗೂ ಹೇಳುವುದಿಲ್ಲ ಎಂಬುದರಲ್ಲಿ ಅವನಿಗೆ ಎಳ್ಳಷ್ಟೂ ಅನುಮಾನವಿರಲಿಲ್ಲ. ಮಾತು ಕೊಟ್ಟ ಮೇಲೆ ತಪ್ಪುವ ಜನವಲ್ಲ ಆ ಕಡೆಯವರು.